ದ್ವಾರಪಾಲಕನ ಪ್ರಶ್ನೆ

ನನ್ನ ತಮ್ಮ ಶ್ರೀಕಂಠು ತಯಾರಿಸಿದ ಯಂತ್ರಗಳಲ್ಲಿ ಇದುವರೆಗೆ ಬೆಂಕಿ ಹತ್ತದೇ ಇರುವುದು ‘ದ್ವಾರಪಾಲಕ’ ಒಂದೇ. ಹತ್ತಿದ್ದರೇ ಚೆನ್ನಾಗಿತ್ತು ಎನ್ನುವವರು ನಮ್ಮ ಆಫೀಸಿನಲ್ಲಿ ಈಗಲೂ ಇದ್ದಾರೆ.

ನಮ್ಮದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಊದುಬತ್ತಿ ಕಾರ್ಖಾನೆ. ನಾನು ಅಲ್ಲಿ ಹೆಡ್ ಕ್ಲಾರ್ಕ್. ನಮ್ಮ ಮೇಲ್ ಸರ್ವರ್ ಸಂಕ್ರಾಂತಿಯಿಂದಲೂ ಕೆಟ್ಟು ಕೂತಿತ್ತು. ಕಳಿಸಿದ ಮೇಲ್ ಹೋಗುತ್ತಿರಲಿಲ್ಲ. ಹೊರಗಿನಿಂದ ಲಾಗಿನ್ ಆಗಲು ಹೋದರೆ ಮಾಲೀಕರಾದ ವರದರಾಜಯ್ಯನವರನ್ನೇ ಒಳಗೆ ಬಿಡುತ್ತಿರಲಿಲ್ಲ. ಅವರಿಗೆ ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ನನ್ನ ತಮ್ಮ ಇದ್ದಾನೆ, ಸರಿ ಮಾಡುತ್ತಾನೆ ಎಂದು ಬಾಯಿ ಬಿಟ್ಟವಳು ನಾನು. ಸುಮ್ಮನಿದ್ದು ನನಗೆ ಅಭ್ಯಾಸವಿಲ್ಲ.

ಸೋಮವಾರ ಬೆಳಿಗ್ಗೆ ಶ್ರೀಕಂಠು ಸರ್ವರ್ ಮೇಲೆ ಇಡ್ಲಿ ಪಾತ್ರೆಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಕೂರಿಸಿ, ಅದಕ್ಕೆ ಕುಂಕುಮವಿಟ್ಟು, ಎಲ್ಲರನ್ನೂ ಕರೆದ. ಇನ್ನು ಮೇಲೆ ಪಾಸ್‌ವರ್ಡ್ ಬೇಡವಂತೆ. ಆಫೀಸಿನ ಹತ್ತು ವರ್ಷದ ಮೇಲ್‌ಗಳನ್ನೆಲ್ಲ ಯಂತ್ರ ಓದಿ ಮುಗಿಸಿದೆಯಂತೆ. ಯಾರು ಬಂದರೂ ಅವರಿಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯವನ್ನು ಕೇಳುತ್ತದೆ. ಉತ್ತರ ಸರಿಯಿದ್ದರೆ ಒಳಗೆ. ತಪ್ಪಿದರೆ ಅವರು ವೇಷಧಾರಿ. ಇನ್ನೊಂದು ಅವಕಾಶ ಮರುದಿನವೇ.

“ಎಲ್ಲರ ಮೇಲ್‌ಗಳನ್ನೂ ಓದಿದೆಯೇನಪ್ಪಾ?” ಎಂದು ಮ್ಯಾನೇಜರ್ ಲೋಕೇಶಪ್ಪನವರು ಮೆಲ್ಲಗೆ ಕೇಳಿದರು.

“ಒಂದೂ ಬಿಟ್ಟಿಲ್ಲ ಸಾರ್” ಎಂದ ನನ್ನ ತಮ್ಮ ಹೆಮ್ಮೆಯಿಂದ. ಲೋಕೇಶಪ್ಪನವರು ಅವತ್ತು ಊಟ ಮಾಡಲಿಲ್ಲ.

ಯಂತ್ರ ಕೆಲಸ ಮಾಡಿತು ಎನ್ನಬೇಕು. ನಿಂತುಹೋಗಿದ್ದ ಮುನ್ನೂರು ಮೇಲ್ ಐದೇ ನಿಮಿಷದಲ್ಲಿ ಹೊರಟವು. ನಮ್ಮ ಸಂಕ್ರಾಂತಿ ಶುಭಾಶಯ ಗಿರಾಕಿಗಳಿಗೆ ಯುಗಾದಿ ಕಳೆದ ಮೇಲೆ ತಲುಪಿತು. ಆದರೆ ಎರಡು ದಿನ ಅದರ ಪ್ರಶ್ನೆಗೆ ಕೂರಲು ಯಾರೂ ಮುಂದೆ ಬರಲಿಲ್ಲ.

ಬುಧವಾರ ವರದರಾಜಯ್ಯನವರು ಹುಬ್ಬಳ್ಳಿಯ ಸಗಟು ವ್ಯಾಪಾರಿ ಮುದಗಲ್ ಅವರ ಅಂಗಡಿಯಲ್ಲಿದ್ದರು. ಆ ಆರ್ಡರ್ ಸಿಕ್ಕದಿದ್ದರೆ ನಮ್ಮ ಎರಡನೇ ಶೆಡ್ ಮುಚ್ಚುವುದೆಂದು ಆಗಲೇ ತೀರ್ಮಾನವಾಗಿತ್ತು. ಆ ಶೆಡ್‌ನಲ್ಲಿ ಅರವತ್ತು ಜನ ಹೆಂಗಸರು ಬತ್ತಿ ಹೊಸೆಯುತ್ತಾರೆ. ಬತ್ತಿ ಎಷ್ಟು ಹೊತ್ತು ಉರಿಯುತ್ತದೆ ಎಂಬ ಪರೀಕ್ಷಾ ವರದಿ ನಮ್ಮ ಸರ್ವರ್‌ನಲ್ಲಿತ್ತು. ಅದನ್ನು ನಾಲ್ಕು ಗಂಟೆಯೊಳಗೆ ಮುದಗಲ್ ಅವರಿಗೆ ಕಳಿಸಬೇಕಿತ್ತು. ನಾಲ್ಕಕ್ಕೆ ಅವರು ಬೇರೆ ಕಂಪನಿಯವರನ್ನು ಕರೆದಿದ್ದರು.

ಮೂರು ಗಂಟೆಗೆ ಮಾಲೀಕರು ಅಲ್ಲಿಂದ ಲಾಗಿನ್ ಆಗಲು ಹೊರಟರು. ಅವರ ಲ್ಯಾಪ್‌ಟಾಪಿನ ಮಾತೆಲ್ಲ ನಮ್ಮ ಪೆಟ್ಟಿಗೆಯ ಸ್ಪೀಕರ್‌ನಲ್ಲಿ, ಇಲ್ಲಿಯ ಮಾತೆಲ್ಲ ಅಲ್ಲಿ ಕೇಳುತ್ತಿತ್ತು. ದ್ವಾರಪಾಲಕ ಗಂಟಲು ಸರಿಮಾಡಿಕೊಂಡಿತು. ಅದು ಶ್ರೀಕಂಠು ಸೇರಿಸಿದ ಶೋಕಿ.

“ನಮ್ಮ ‘ಗಂಧವತಿ’ ಬತ್ತಿಯಲ್ಲಿ ನಿಜವಾದ ಗಂಧ ಎಷ್ಟಿದೆ?”

ಪಕ್ಕದಲ್ಲೇ ಮುದಗಲ್ ಅವರು ಕೂತಿದ್ದರು. ಮಾಲೀಕರು “ನೂರಕ್ಕೆ ನೂರು” ಎಂದರು.

“ಕ್ಷಮಿಸಿ. ತಾವು ವರದರಾಜಯ್ಯನವರಲ್ಲ.”

ಅಷ್ಟಕ್ಕೇ ಬಿಡಲಿಲ್ಲ. ಅವರ ಹೆಸರಿಗೆ ಬಂದ ಮೇಲ್‌ಗಳನ್ನೆಲ್ಲ, ಈ ಹೆಸರಿನಲ್ಲಿ ಕೂತಿರುವವರು ಅವರಲ್ಲ ಎಂಬ ಷರಾ ಬರೆದು ಕಳಿಸಿದವರಿಗೇ ವಾಪಸ್ಸು ಮಾಡಿತು. ಮಾಲೀಕರ ಹೆಂಡತಿಗೂ ಒಂದು ಹೋಯಿತು. ಅವರು ಆಫೀಸಿಗೆ ಫೋನ್ ಮಾಡಿ, ತಮಗೂ ಬಹಳ ದಿನದಿಂದ ಅನುಮಾನವಿತ್ತು ಎಂದರು.

ಮುಂದೆ ಲೋಕೇಶಪ್ಪನವರು ಕೂತರು. ಎದುರು ರಸ್ತೆಯ ಕಾರ್ಖಾನೆಗೆ ಕೆಲಸ ಕೇಳಿ ಅರ್ಜಿ ಹಾಕಿದವರು ಯಾರು ಎಂದು ಅದು ಕೇಳಿತು. ತಮಗೆ ಗೊತ್ತೇ ಇಲ್ಲ ಎಂದರು. ಅವರೂ ಲೋಕೇಶಪ್ಪನವರಲ್ಲ ಎಂದಾಯಿತು.

ನನ್ನ ಸರದಿ. ಆಫೀಸೆಲ್ಲ ನನ್ನ ಬೆನ್ನ ಹಿಂದೆ ನಿಂತಿತ್ತು.

“ಅನಸೂಯಾ ಅವರೇ, ತಾತ ತೀರಿಕೊಂಡರೆಂದು ರಜೆ ಹಾಕಿದ ಮೂರು ದಿನ ತಾವು ಎಲ್ಲಿದ್ದಿರಿ?”

ಊಟಿಯ ಬಸ್ ಟಿಕೆಟನ್ನು ಆಫೀಸಿನ ಮೇಲ್‌ಗೆ ತರಿಸಿಕೊಂಡದ್ದು ನನ್ನದೇ ತಪ್ಪು. “ತಾತನ ಮನೆಯಲ್ಲಿ” ಎಂದೆ. ನಾನೂ ನಾನಲ್ಲ ಎಂದಿತು.

ತಮ್ಮನ ಕಿವಿ ಹಿಂಡಿ, “ನೀನು ಮಾಡಿದ್ದು ತಾನೇ, ನೀನೇ ಒಳಗೆ ಹೋಗಿ ಇದನ್ನು ನಿಲ್ಲಿಸು” ಎಂದೆ. ಶ್ರೀಕಂಠು ಕಾಲರ್ ಸರಿಮಾಡಿಕೊಂಡು ಕೂತ. ಈ ಯಂತ್ರದ ಪ್ರೋಗ್ರಾಂ ಬರೆದವರು ಯಾರು ಎಂದು ಅದು ಕೇಳಿತು. “ನಾನೇ, ಪೂರ್ತಿ ನಾನೇ” ಎಂದ. ಮುಕ್ಕಾಲು ಭಾಗ ಇಂಟರ್ನೆಟ್ಟಿನಿಂದ ನಕಲು ಮಾಡಿದ್ದು ಅದಕ್ಕೆ ಗೊತ್ತಿತ್ತು; ಪೆಟ್ಟಿಗೆ ಅವನನ್ನೂ ಹೊರಗೆ ಹಾಕಿತು. ಕರೆಂಟ್ ತೆಗೆಯೋಣವೆಂದರೆ, ಹಾಗೆ ಮಾಡಿದರೆ ಹತ್ತು ವರ್ಷದ ಮೇಲ್ ಮತ್ತೆ ಮೊದಲಿನಿಂದ ಓದುತ್ತದೆ ಎಂದ. ಯಾರೂ ಒಪ್ಪಲಿಲ್ಲ. ಉಳಿದವರು ಪೆಟ್ಟಿಗೆಯ ಹತ್ತಿರವೂ ಸುಳಿಯಲಿಲ್ಲ.

ಗಂಟೆ ಮೂರೂ ಮುಕ್ಕಾಲು. ಕಾಫಿ ತಂದ ಚಿಕ್ಕತಾಯಮ್ಮ ಏನಾಯಿತೆಂದು ಕೇಳಿದಳು. ಅವಳ ಸೊಸೆ ಎರಡನೇ ಶೆಡ್‌ನಲ್ಲೇ ಬತ್ತಿ ಹೊಸೆಯುವುದು. ನಾನು ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನೆಲ್ಲ ಶ್ರೀಕಂಠು ಯಂತ್ರಕ್ಕೆ ಸೇರಿಸಿದ್ದರಿಂದ ಅವಳದ್ದೂ ಅದರಲ್ಲಿತ್ತು. ಅವಳು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಪೆಟ್ಟಿಗೆಯ ಮುಂದೆ ನಿಂತಳು.

“ಕಾಫಿಗೆ ನೀರು ಬೆರೆಸುತ್ತಾರೆಂದು ಹದಿನೇಳು ದೂರುಗಳಿವೆ. ಬೆರೆಸುವವರು ಯಾರು?”

“ನಾನೇ ಕಣಪ್ಪಾ. ಕೊಡೋದು ಎರಡು ಲೀಟರ್ ಹಾಲು, ಕುಡಿಯೋರು ಐವತ್ತು ಜನ. ಬೆರೆಸ್ದೆ ಇನ್ನೇನು ಮಾಡ್ಲಿ?”

“ನಮಸ್ಕಾರ ಚಿಕ್ಕತಾಯಮ್ಮನವರೇ, ಒಳಗೆ ಬನ್ನಿ. ಈ ಆಫೀಸಿನಲ್ಲಿ ನಿಜವಾಗಿ ಇರುವವರು ತಾವೊಬ್ಬರೇ. ಉಳಿದವರ ಮೇಲ್‌ಗಳನ್ನೂ ತಮ್ಮ ವಶಕ್ಕೆ ಕೊಟ್ಟಿದ್ದೇನೆ.”

ನಾನು ತೋರಿಸಿದ ಕಡೆ ಅವಳು ಒತ್ತಿದಳು. ನಾಲ್ಕಕ್ಕೆ ಎಂಟು ನಿಮಿಷವಿರುವಾಗ ವರದಿ ಹುಬ್ಬಳ್ಳಿಗೆ ಹೋಯಿತು. ಎಲ್ಲ ಕೇಳಿಸಿಕೊಂಡಿದ್ದ ಮುದಗಲ್ ಅವರು ಸ್ಪೀಕರ್‌ನಲ್ಲೇ ಅವಳನ್ನು ಮಾತಾಡಿಸಿ, ಗಂಧ ಎಷ್ಟಿದೆ ಎಂದು ಕೇಳಿದರು. ಅವರ ಪಕ್ಕದಲ್ಲಿ ಮಾಲೀಕರು ಕೆಮ್ಮುವುದು ಕೇಳುತ್ತಿತ್ತು.

“ಗಂಧ ಎಲ್ಲಿಂದ ಬರಬೇಕು ಸಾಮಿ, ವಾಸನೆ ಐತೆ ಅಷ್ಟೆ. ಆದ್ರೆ ನಮ್ಮ ಹೆಣ್ಮಕ್ಕಳು ಹೊಸೆದ ಬತ್ತಿ ನಡುವೆ ಆರಲ್ಲ.”

“ಇಷ್ಟ ಸಾಕ್ರೀ ಯವ್ವಾ” ಎಂದು ಮುದಗಲ್ ನಕ್ಕರು. ಡಬ್ಬಿಯ ಮೇಲೆ ‘ಗಂಧದ ವಾಸನೆಯ ಬತ್ತಿ’ ಎಂದು ಅಚ್ಚು ಹಾಕಿಸಬೇಕೆಂದು ಹೇಳಿ ಆರ್ಡರ್ ಕೊಟ್ಟರು. ಶೆಡ್ ಉಳಿಯಿತು. ನನ್ನ ಮಾನ ಮಾತ್ರ ಊಟಿಯಲ್ಲೇ ಉಳಿಯಿತು.

ಇದಾಗಿ ಐದು ತಿಂಗಳು. ದ್ವಾರಪಾಲಕ ದಿನಾ ಬೆಳಿಗ್ಗೆ ನಮಗೆಲ್ಲ ಅವೇ ಪ್ರಶ್ನೆಗಳನ್ನು ಕೇಳುತ್ತದೆ. ನಾವೂ ಅವೇ ಉತ್ತರಗಳನ್ನು ಕೊಟ್ಟು ನಮ್ಮ ನಮ್ಮ ಕುರ್ಚಿಗೆ ಬರುತ್ತೇವೆ. ಹನ್ನೊಂದು ಗಂಟೆಗೆ ಚಿಕ್ಕತಾಯಮ್ಮ ಕಾಫಿಯ ಜೊತೆ ಎಲ್ಲರ ಮೇಲ್ ಓದಿ ಹೇಳುತ್ತಾಳೆ. ಮಾಲೀಕರಿಗೂ ಹಾಗೆಯೇ. ಈಗ ಅವಳಿಗೆ ದಿನಕ್ಕೆ ನಾಲ್ಕು ಲೀಟರ್ ಹಾಲು ಕೊಡುತ್ತಾರೆ.

ಕಾಫಿ ಮೊದಲಿನಷ್ಟೇ ನೀರಾಗಿದೆ. ದೂರು ಕಳಿಸುವುದಕ್ಕೆ ಯಾರಿಗೂ ಲಾಗಿನ್ ಇಲ್ಲ.