ಸೋಫಾ ಶೆಡ್ಡಿನಲ್ಲಿ ಬಸುರಿನ ಪಾಠ

ಹೆಂಡತಿ ಬಸುರಿಯಾದಾಗ ಗಂಡನಾದವನು ಸುಮ್ಮನೆ ಮೀಸೆ ತಿರುವುತ್ತ ಕೂರಬಾರದು! ನಾನಂತೂ ಕೂರಲಿಲ್ಲ. ತಂದೆಯಾಗುವವರಿಗೆಂದು ಆಸ್ಪತ್ರೆಯವರು ನಡೆಸಿದ ತರಗತಿಗೆ ಹೋಗಿ, ಮುಂದಿನ ಸಾಲಿನಲ್ಲೇ ಕೂತು, ಅಪಾಯದ ಲಕ್ಷಣಗಳನ್ನೆಲ್ಲ ಅರೆದು ಕುಡಿದು ಬಂದೆ. ಇಷ್ಟೊಂದು ವಿದ್ಯೆಯನ್ನು ಒಬ್ಬನೇ ಇಟ್ಟುಕೊಳ್ಳುವುದು ಮಹಾಪಾಪ ಅನ್ನಿಸಿತು. ನಮ್ಮ ಸೋಫಾ ತಯಾರಿಸುವ ಶೆಡ್ಡಿನ ಸಮಸ್ತ ಗಂಡುಕುಲವನ್ನು ಉದ್ಧರಿಸಿಯೇ ತೀರುತ್ತೇನೆಂದು ಪಣ ತೊಟ್ಟೆ.

ಊಟದ ಬಿಡುವಿನಲ್ಲಿ ಪಾಠ ಶುರುವಾಯಿತು. ಹೊಸ ಕುಷನ್ನೊಂದನ್ನು ಹೊಟ್ಟೆಗೆ ಕಟ್ಟಿಕೊಂಡು, ಅಳತೆ ಟೇಪನ್ನು ಡಾಕ್ಟರ ಠೀವಿಯಲ್ಲಿ ಕೊರಳಿಗೆ ಹಾಕಿಕೊಂಡು ನಿಂತೆ.

"ರಕ್ತ ಹೋದ್ರೆ?"

"ಆಸ್ಪತ್ರೆ!"

"ಮಗುವಿನ ಓಡಾಟ ಕಮ್ಮಿ ಆದ್ರೆ?"

"ಆಸ್ಪತ್ರೆ!"

ತಗಡಿನ ಸೂರು ಹಾರಿಹೋಗುವಂತೆ ಕೂಗಿದರು. ಇನ್ನೂ ಮದುವೆಯಾಗದ ನಮ್ಮ ಹೊಲಿಗೆಯವನು ಮಾತ್ರ ಅರ್ಧ ಮುಗಿದ ದಿವಾನದ ಮೇಲೆ ಒರಗಿ ತೂಕಡಿಸುತ್ತಿದ್ದ.

"ಈಗ ಕಿವಿಗೊಟ್ಟು ಕೇಳಿ! ತಡೆಯೋಕಾಗದ ತಲೆನೋವು, ಕಣ್ಣು ಮಂಜಾಗೋದು, ಮುಖ, ಕೈ ಊದೋದು. ಬಿಪಿ ಏರಿರಬಹುದು. ಒಂದು ನಿಮಿಷಾನೂ ಕಾಯ್ಬಾರದು!"

ಅಷ್ಟರಲ್ಲಿ ಒಂಬತ್ತನೇ ತಿಂಗಳಲ್ಲಿದ್ದ ಹೆಂಡತಿಯ ಫೋನ್ ಬಂತು. ಕೈಗೆಲ್ಲ ಅಂಟು ಮೆತ್ತಿದ್ದರಿಂದ ಸ್ಪೀಕರಿಗೆ ಹಾಕಿದೆ.

"ರೀ, ತಲೆ ಸಿಡೀತಿದೆ. ಕಣ್ಣೆಲ್ಲ ಮಂಜು ಮಂಜು. ಬೇಗ ಬರ್ತೀರಾ?"

"ಸ್ವಲ್ಪ ಮಲಗಿರು ಕಣೇ! ತುಂಬಾ ಮುಖ್ಯವಾದ ಪಾಠ ನಡೀತಿದೆ, ಮುಗಿಸಿ ಬರ್ತೀನಿ." ಫೋನ್ ಇಟ್ಟು ಗಂಭೀರವಾಗಿ ಕೇಳಿದೆ: "ಎಲ್ಲಿಗೆ ನಿಲ್ಲಿಸಿದ್ದೆ?"

ಹೊಲಿಗೆಯವನು ಒಂದು ಕಣ್ಣು ತೆರೆದ. "ಒಂದು ನಿಮಿಷಾನೂ ಕಾಯ್ಬಾರದು ಅಂದಲ್ಲಿಗೆ ನಿಲ್ಲಿಸಿದ್ರಿ, ಅಣ್ಣಾ. ಅತ್ತಿಗೆ ಈಗ ಹೇಳಿದ್ದೂ ಆ ಲಕ್ಷಣಾನೇ ಅಲ್ವಾ?"

ನಾನು ಗಾಬರಿಯಿಂದ ಚಪ್ಪಲಿ ಹುಡುಕುವಷ್ಟರಲ್ಲಿ ಅವನು ಸೋಫಾ ಸಾಗಿಸುವ ವ್ಯಾನನ್ನೇ ಹೊರಡಿಸಿದ್ದ. ಮನೆಯಲ್ಲಿ ಗೋಡೆ ಹಿಡಿದು ನಿಂತಿದ್ದ ಅವಳ ಊದಿದ ಮುಖ ನೋಡಿದಾಗ, ನಿಜ ಹೇಳುತ್ತೇನೆ, ಜೀವ ಬಾಯಿಗೆ ಬಂತು. ಬೆಳಗ್ಗೆ ಅದೇ ಮುಖದ ಎದುರು ಕೂತು ಕಾಫಿ ಕುಡಿದು ಹೋಗಿದ್ದೆನಲ್ಲ! ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿ ತಂದವನು ನನ್ನ ಹೊಟ್ಟೆಯನ್ನೂ ಅವಳ ಹೊಟ್ಟೆಯನ್ನೂ ನೋಡಿ, "ಇಬ್ಬರಲ್ಲಿ ಯಾರು ಮೊದಲು?" ಎಂದ. ಕುಷನ್ ಇನ್ನೂ ಅಲ್ಲೇ ಇತ್ತು.

"ಬಿಪಿ ವಿಪರೀತ ಏರಿದೆ. ಇನ್ನೂ ತಡವಾಗಿದ್ರೆ ತಾಯಿ, ಮಗು ಇಬ್ರಿಗೂ ಅಪಾಯವಿತ್ತು. ಈಗ್ಲೇ ಹೆರಿಗೆ ಮಾಡಿಸ್ಬೇಕು," ಎಂದರು ಡಾಕ್ಟರಮ್ಮ. ಸಂಜೆಯೊಳಗೆ ಮಗಳು ಕಿರುಚಿಕೊಂಡೇ ಹುಟ್ಟಿದಳು. ನಾನು ಅವಳಿಗಿಂತ ಜೋರಾಗಿ ಅತ್ತೆ.

ಮರುದಿನ ಹೆಂಡತಿ ಎದ್ದು ಕೂತಳು. ನನಗೂ ಉಸಿರು ಬಂತು. ಉಸಿರಿನ ಜೊತೆ ಮಾತೂ ಬಂತು.

"ನೋಡಿದ್ಯಾ, ನಾನು ಆ ತರಗತಿಗೆ ಹೋಗಿದ್ದು ಎಷ್ಟು ಒಳ್ಳೇದಾಯ್ತು!"

"ಆಯ್ತು. ಈಗ ನಂಬರ್ ಹೇಳ್ರೀ," ಎಂದು ಅವಳು ಫೋನ್ ಕೈಗೆತ್ತಿಕೊಂಡಳು.

"ಯಾರದು? ಡಾಕ್ಟರಮ್ಮಂದಾ?"

"ನಿಮ್ಮ ಹೊಲಿಗೆಯವರದು. ಮುಂದಿನ ಹೆರಿಗೆಗೆ ನೇರವಾಗಿ ಅವರಿಗೇ ಫೋನ್ ಮಾಡ್ತೀನಿ!"