ಬಹ್ರೈನಿನಲ್ಲಿದ್ದ ನಮ್ಮ ವಿಧಾನಸಭಾ ಕ್ಷೇತ್ರ

ನಾನು ಪೆಟ್ಟಿಗೆ ಇಳಿಸಿದ ಊರುಗಳಲ್ಲೆಲ್ಲ ನಗುವ ಸಂಗತಿ ಏನಾದರೊಂದು ನನಗಿಂತ ಮೊದಲೇ ಬಂದು ಕಾದು ಕುಳಿತಿರುತ್ತದೆ. ಬೊಂಬಾಯಿ, ನೈರೋಬಿ, ಮಸ್ಕತ್ ಎಲ್ಲ ಸುತ್ತಿ, ತೊಂಬತ್ತರ ದಶಕದ ಆರಂಭದಲ್ಲಿ ಬಹ್ರೈನಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಬರೆಯಲು ಕುಳಿತೆ. ಅಲ್ಲಿ ನನಗಾಗಿ ಕಾದಿದ್ದದ್ದು ನಮ್ಮ ಕರಾವಳಿಯ ಒಂದು ಇಡೀ ವಿಧಾನಸಭಾ ಕ್ಷೇತ್ರ.

ಅದನ್ನು ಸಮುದ್ರ ದಾಟಿಸಿ ತಂದವರು ಮೀನಾ ಸಲ್ಮಾನ್ ಬಂದರಿನ ಗೋದಾಮೊಂದರ ಮ್ಯಾನೇಜರು. ಎಪ್ಪತ್ತರ ದಶಕದಲ್ಲಿ ಊರಲ್ಲಿ ಪಕ್ಷೇತರರಾಗಿ ನಿಂತು ಸೋತವರು. ಆದ್ದರಿಂದ ಎಲ್ಲರೂ ಅವರನ್ನು ಶಾಸಕರು ಎಂದೇ ಕರೆಯುತ್ತಿದ್ದರು. ಆಗ ಗೆದ್ದವನ ಹೆಸರು ಯಾರಿಗೂ ನೆನಪಿರಲಿಲ್ಲ.

ಹೊಳೆ

ಶುಕ್ರವಾರ ಮಧ್ಯಾಹ್ನ ಮನಾಮಾದ ಅವರ ಫ್ಲಾಟಿನಲ್ಲಿ ಊರಿನವರೆಲ್ಲ ಸೇರುವುದು ವಾಡಿಕೆ. ಮೊದಲ ಸಲ ಹೋದಾಗ ಶಾಸಕರು ನನ್ನ ಮನೆ ಎಲ್ಲಿ ಎಂದು ಕೇಳಿದರು. ಅರಾದ್‌ನಲ್ಲಿ, ವಿಮಾನ ನಿಲ್ದಾಣದ ಹತ್ತಿರ ಎಂದೆ.

"ಹಾಗಾದ್ರೆ ನೀವು ಹೊಳೆಯಾಚೆಯವರು."

"ಇಲ್ಲಿ ಹೊಳೆ ಎಲ್ಲಿ ಉಂಟು?"

"ಎಂತ ಮಾರಾಯ್ರೆ, ದಿನಾ ದಾಟ್ತೀರಿ, ಕಾಣುದಿಲ್ವಾ?"

ಅವರು ಹೇಳಿದ್ದು ಮನಾಮಾಕ್ಕೂ ಅರಾದ್ ಇರುವ ಮುಹರ್ರಕ್ ದ್ವೀಪಕ್ಕೂ ನಡುವಿನ ಸಮುದ್ರವನ್ನು, ಅದರ ಮೇಲಿನ ಸೇತುವೆಯನ್ನು. ಅವರ ಲೆಕ್ಕದಲ್ಲಿ ಅರಾದ್ ನಮ್ಮ ಕ್ಷೇತ್ರದ ಕಡಲ ತಡಿ. ಎಣ್ಣೆ ಕಂಪನಿಯವರ ಅವಾಲಿ, ಸ್ವಲ್ಪ ಎತ್ತರದಲ್ಲಿರುವುದರಿಂದ, ನಮ್ಮ ಗುಡ್ಡದ ಮೇಲಿನ ಗ್ರಾಮಗಳು. ಮೀನಾ ಸಲ್ಮಾನ್ ಸಂತೆಪೇಟೆ.

ನಾನು ನಕ್ಕೆ. ಆದರೆ ಅದೇ ಸಂಜೆ ಟ್ಯಾಕ್ಸಿಯಲ್ಲಿ ಸೇತುವೆ ದಾಟುವಾಗ ನೀರು ತಾಮ್ರದ ಹಂಡೆಯ ಬಣ್ಣಕ್ಕೆ ತಿರುಗಿತ್ತು. ಎಲ್ಲಿಂದಲೋ ಒದ್ದೆ ಹಗ್ಗದ, ಮೀನಿನ ವಾಸನೆ ಬಂತು. ಕಣ್ಣು ಅರೆ ಮುಚ್ಚಿದರೆ ಆಚೆ ದಡದಲ್ಲಿ ಯಾರೋ ಸೀರೆ ಎತ್ತಿಕಟ್ಟಿ ದೋಣಿಯಿಂದ ಇಳಿಯುತ್ತಿದ್ದಾರೆ ಎನಿಸಿತು. ಆ ಗುಂಗಿನಲ್ಲೇ ಚಾಲಕನಿಗೆ, "ಭಾಯಿ, ಹೊಳೆ ದಾಟಿದ ಮೇಲೆ ಶಾಲೆಯ ಹತ್ತಿರ ನಿಲ್ಲಿಸಿ" ಎಂದು ಹಿಂದಿಯಲ್ಲಿ ಹೇಳಿಬಿಟ್ಟೆ.

ಮುದುಕ ಬಹ್ರೈನಿ, ಬೊಂಬಾಯಿ ಕಂಡವನು. ಕನ್ನಡಿಯಲ್ಲಿ ನನ್ನನ್ನು ನೋಡಿ ಮೆತ್ತಗೆ ಕೇಳಿದ, "ಬೆಹೆನ್, ತಬಿಯತ್ ಠೀಕ್ ಹೈ?"

ಇತಿಹಾಸ

ಮಕ್ಕಳಿಗೆ ಊರಿನ ಗುರುತು ತಪ್ಪಬಾರದೆಂದು ಶಾಸಕರು ಕ್ಷೇತ್ರದ ಇತಿಹಾಸ ಹೇಳಿಕೊಡುತ್ತಿದ್ದರು. ಮಕ್ಕಳ ಕಿವಿ ಇವರ ಕಡೆ, ಕಣ್ಣು ವಿಡಿಯೋ ಗೇಮಿನ ಕಡೆ.

"ನಮ್ಮ ಊರು ಮೊದಲು ಮದ್ರಾಸಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯ. ಆಮೇಲೆ ಅದಕ್ಕೇ ಕರ್ನಾಟಕ ಅಂತ ಹೆಸರಾಯಿತು. ನಡುವೆ ಕ್ಷೇತ್ರದ ಗಡಿಯನ್ನೂ ಎಳೆದಾಡಿದರು. ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ತೋಡಿನ ಆಚೆ ಬೇರೆ ಶಾಸಕ! ನನ್ನ ಅತ್ತೆಮನೆಯೇ ಪರಕ್ಷೇತ್ರ ಆಯಿತು."

"ಒಳ್ಳೇದೇ ಆಯ್ತು, ನಮ್ಮ ಅಪ್ಪ ನಿಮಗೆ ವೋಟು ಹಾಕುದು ತಪ್ಪಿತು," ಒಳಗಿನಿಂದ ಹೆಂಡತಿಯ ದನಿ. ಅವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು.

ಒಬ್ಬಳು ಪುಟ್ಟ ಹುಡುಗಿ ಗೇಮ್ ನಿಲ್ಲಿಸಿ ಯೋಚಿಸಿದಳು. ಆ ತಿಂಗಳಷ್ಟೇ ಅವಳ ಅಪ್ಪ ಕಂಪನಿ ಬದಲಾಯಿಸಲು, ಹೊಸ ಸ್ಪಾನ್ಸರ್ ಹಿಡಿದು ವೀಸಾ ಮಾಡಿಸಲು ಒದ್ದಾಡಿದ್ದ. "ಅಂಕಲ್, ಹಾಗಾದ್ರೆ ನಮ್ಮ ಊರಿಗೂ ವೀಸಾ ಚೇಂಜ್ ಆಗ್ತಾನೇ ಇತ್ತಾ?"

ಶಾಸಕರು ಅವಳ ತಲೆ ಸವರಿದರು.

"ವೀಸಾ ಚೇಂಜ್ ಆಯ್ತು ಮಗಾ. ಸ್ಪಾನ್ಸರ್ ಮಾತ್ರ ಮೊದಲಿಂದಲೂ ಕಡಲೇ."

ಛತ್ರಿ

ಅವರ ಚುನಾವಣಾ ಗುರುತು ಛತ್ರಿ. ಪ್ರಚಾರಕ್ಕೆ ಹಿಡಿದಿದ್ದ ಅದೇ ಕಪ್ಪು ಛತ್ರಿ ಬಹ್ರೈನಿಗೂ ಬಂದು ಬಾಗಿಲ ಹಿಂದೆ ನೇತಾಡುತ್ತಿತ್ತು. "ಬೇಸಿಗೆಯ ಬಾಯಲ್ಲಿ ಚುನಾವಣೆ ಇಟ್ಟರು. ಆಷಾಢದಲ್ಲಿ ಇಟ್ಟಿದ್ದರೆ ನಾನು ಗೆಲ್ತಿದ್ದೆ" ಎನ್ನುವುದು ಅವರ ವಾದ.

ತಮಾಷೆಯ ಹಿಂದೆ ಒಂದು ಮುಳ್ಳಿತ್ತು. ಆಗ ಊರಿಗೆ ಊರೇ "ನಿಮಗೇ ವೋಟು" ಎಂದಿತ್ತಂತೆ. ಪೆಟ್ಟಿಗೆ ಒಡೆದರೆ ಏನೂ ಇಲ್ಲ. ಆ ಸೋಲಿನ ಮುಖ ಹೊತ್ತುಕೊಂಡೇ ಗಲ್ಫಿಗೆ ಬಂದವರು. ಈಗ ನಿವೃತ್ತಿ ಹತ್ತಿರ ಬಂದಿತ್ತು. ಊರಿಗೆ ಮರಳುವ ಟಿಕೆಟ್ಟನ್ನು ನನ್ನಿಂದ ಬರೆಸುವುದು, ವಾರದ ನಂತರ ಬಂದು, "ಸದ್ಯಕ್ಕೆ ಬೇಡ ಮಾರಾಯ್ರೆ" ಎಂದು ರದ್ದು ಮಾಡಿಸುವುದು. ಬೇಡ ಎಂದವರ ನಡುವೆ ಹೋಗಿ ಬದುಕುವುದು ಹೇಗೆ ಎಂಬ ಅಂಜಿಕೆ. ಊರಿಂದ ಯಾರು ಹೊಸದಾಗಿ ಬಂದರೂ ಚಹಾ ಕೊಡುವ ಮೊದಲೇ ಪ್ರಶ್ನೆ: "ನಿಮ್ಮ ಅಪ್ಪ ಆಗ ಯಾರಿಗೆ ಹಾಕಿದ್ರು?" ಪಾಪ, ಕೆಲವರು ಆಗ ಹುಟ್ಟಿಯೇ ಇರಲಿಲ್ಲ.

ಒಂದು ಚಳಿಗಾಲ ಬಹ್ರೈನಿನಲ್ಲಿ ಅಪರೂಪಕ್ಕೆ ಮಳೆ ಜೋರಾಗಿಯೇ ಹೊಡೆಯಿತು. ಮೋರಿಯಿಲ್ಲದ ರಸ್ತೆಗಳು ಕೆರೆಗಳಾದವು. ಜನ ಓಡಿ ಅಂಗಡಿಗಳ ಸೂರಿನಡಿ ನಿಂತರು. ಶಾಸಕರು ಮಾತ್ರ ಛತ್ರಿ ಬಿಚ್ಚಿ, ಮೊಣಕಾಲುದ್ದ ನೀರಿನ ನಟ್ಟನಡುವೆ, ಎಡಕ್ಕೂ ಬಲಕ್ಕೂ ಕೈಮುಗಿಯುತ್ತಾ ನಿಧಾನವಾಗಿ ನಡೆದು ಹೋದರು. ಕನಸಿನಲ್ಲಿ ಮೆರವಣಿಗೆ ಹೋಗುವವರಂತಿದ್ದರು.

ಅಕ್ಕ ಬಾಲ್ಕನಿಯಿಂದ ನೋಡಿ ನನಗೆ ಹೇಳಿದರು, "ಈ ಮಳೆ ಇಪ್ಪತ್ತು ವರ್ಷ ತಡವಾಗಿ ಬಂತು ನೋಡಿ. ಅದೂ ತಪ್ಪು ಕ್ಷೇತ್ರಕ್ಕೆ."

ಮತದಾನ

ಊರಲ್ಲಿ ಮತ್ತೆ ಚುನಾವಣೆ ಬಂದ ವರ್ಷ. ನಮಗೋ ಇಲ್ಲಿಂದ ಮತ ಹಾಕುವಂತಿಲ್ಲ. ನಾವೇ ಒಂದು ಚುನಾವಣೆ ಮಾಡಿ ಶಾಸಕರನ್ನು ಗೆಲ್ಲಿಸಿ ಕಳಿಸೋಣ, ಆ ಧೈರ್ಯದಲ್ಲಾದರೂ ಊರು ಸೇರಲಿ ಎಂದು ಅವರ ಬೆನ್ನ ಹಿಂದೆ ಎಲ್ಲರೂ ಮಾತಾಡಿಕೊಂಡರು. ಎದುರು ನಿಲ್ಲಲು ಯಾರೂ ಒಪ್ಪಲಿಲ್ಲ. ಕೊನೆಗೆ ಅವಾಲಿಯಲ್ಲಿದ್ದ ಬೆಂಗಳೂರಿನ ಇಂಜಿನಿಯರನ್ನು ಹಿಡಿದು ತಂದರು. ಆತ ನಮ್ಮ ಕ್ಷೇತ್ರ ನೋಡಿದವನೇ ಅಲ್ಲ. ಅಕ್ಕ ಕರಿಯುವ ಗೋಳಿಬಜೆ ತಿನ್ನಲೆಂದು ಶುಕ್ರವಾರ ಬರುತ್ತಿದ್ದವನು.

ಚುನಾವಣಾಧಿಕಾರಿ ನಾನು. "ನಿಮಗೆ ಒಂದು ಊರು ಅಂತ ಇಲ್ಲ, ಅದಕ್ಕೇ ನೀವು ನಿಷ್ಪಕ್ಷಪಾತಿ" ಎಂದರು. ಹೊಗಳಿದರೋ ಬೈದರೋ ಇಂದಿಗೂ ತಿಳಿದಿಲ್ಲ.

ಅಡುಗೆಮನೆಯೇ ಮತಗಟ್ಟೆ, ಹಾಲುಪುಡಿ ಡಬ್ಬಿಯೇ ಪೆಟ್ಟಿಗೆ. ಛತ್ರಿಗೆ ಖರ್ಜೂರದ ಬೀಜ, ಇಂಜಿನಿಯರಿಗೆ ಕಡಲೆಕಾಳು. ಒಬ್ಬೊಬ್ಬರೇ ಒಳಗೆ ಹೋಗಿ ಹಾಕಿ, ಗೆಲುವಿನ ನಗು ನಗುತ್ತಾ ಬಂದರು. ಶಾಸಕರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಕುಳಿತಿದ್ದರು.

ಡಬ್ಬಿಯನ್ನು ತಟ್ಟೆಗೆ ಸುರಿದೆ. ಕಡಲೆ, ಕಡಲೆ, ಎಲ್ಲ ಕಡಲೆ. ನಡುವೆ ಒಂದೇ ಒಂದು ಖರ್ಜೂರದ ಬೀಜ.

ಎಲ್ಲರೂ ತಟ್ಟೆಯ ಸುತ್ತ ಬಗ್ಗಿ ನೋಡಿದರು. ಕೊನೆಗೆ ಒಬ್ಬಾಕೆ ಅಳುಮುಖ ಮಾಡಿ, "ಶಾಸಕರು ಹೇಗೂ ಗೆಲ್ತಾರಲ್ಲ, ಪಾಪ ಅವಾಲಿಯಿಂದ ಬಂದವರಿಗೆ ಸೊನ್ನೆ ಆಗುದು ಬೇಡ ಅಂತ…" ಎಂದಳು. "ಅಯ್ಯೋ, ನಾನೂ ಹಾಗೇ ಎಣಿಸಿದ್ದು!" "ನಾನೂ!" "ನಾವಿಬ್ಬರೂ!"

ಶಾಸಕರು ಕೆಮ್ಮಿದರು. "ನಾನೂ ಕಡಲೆಯೇ. ನಮಗೆ ನಾವೇ ಹಾಕಿಕೊಳ್ಳುದು ಚೆನ್ನಾಗಿರ್ತದಾ?"

"ಖರ್ಜೂರ ನಂದು ಸಾರ್," ಎಂದ ವಿಜಯೀ ಅಭ್ಯರ್ಥಿ. "ಸಾರಿ ಸಾರ್."

ಶಾಸಕರು ಆ ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ಮುಖದಲ್ಲಿ ಸಣ್ಣಗೆ ಬೆಳಕು ಹತ್ತಿಕೊಂಡಿತು.

"ಹಾಗಾದ್ರೆ ಆಗ ಊರಿನವರೂ… ನಾನು ಹೇಗೂ ಗೆಲ್ತೇನೆ ಅಂತಲೇ…"

"ಮತ್ತೆಂತ?" ಅಕ್ಕ ಸೆರಗಿನಲ್ಲಿ ಕೈ ಒರೆಸುತ್ತಾ ಬಂದರು. "ನಾನೂ ಆಗ ಆ ಇನ್ನೊಬ್ಬನಿಗೇ ಹಾಕಿದ್ದು. ಗಂಡ ಸೋಲ್ತಾರೆ ಅಂತ ಅವನ ಹೆಂಡತಿ ಬಾವಿಕಟ್ಟೆಯಲ್ಲಿ ಅಷ್ಟು ಅತ್ತಿದ್ದಳು."

"ನೀನಾ! ಇಷ್ಟು ವರ್ಷ ಬಾಯಿ ಬಿಡಲಿಲ್ಲ?"

"ಊರಿಗೆ ಊರನ್ನೇ ಕೇಳಿದಿರಿ. ನನ್ನನ್ನು ಒಂದು ದಿನವಾದರೂ ಕೇಳಿದಿರಾ?"

ಶಾಸಕರು ಬಾಗಿಲ ಹಿಂದಿನ ಛತ್ರಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ಟಿಕೆಟ್ ಬರೆಯಿರಿ ಮಾರಾಯ್ರೆ. ಈ ಸಲ ರದ್ದು ಇಲ್ಲ. ನನಗೆ ಕಿಟಕಿಯ ಪಕ್ಕ. ಇವಳನ್ನು ವಿರೋಧ ಪಕ್ಷದ ಸಾಲಿನಲ್ಲಿ ಕೂರಿಸಿ."