ಗುರುಮಲ್ಲಪ್ಪನ ಪೀಕದಾನಿ ವಿಕ್ರಯ

ಕೇಳಿರಿ ಸಹೃದಯರೇ! ಅಜ್ಜ ಬಿಸಾಡಿದ್ದಕ್ಕೆ ಮೊಮ್ಮಕ್ಕಳು ಮೋಹಗೊಳ್ಳುವ ಈ ವಿಚಿತ್ರ ಯುಗದಲ್ಲಿ, ಮೈಸೂರಿನ ಒಂದು ಅಡ್ಡಬೀದಿಯಲ್ಲಿ, ಗುಜರಿಗಿರಿಗಹ್ವರಸಂಚಾರಿಯೂ ನಿಂತಗಡಿಯಾರನಿಕರರಕ್ಷಕನೂ ಮೂಕರೇಡಿಯೋಮಂಡಲಾಧೀಶ್ವರನೂ ಆದ ಗುರುಮಲ್ಲಪ್ಪನೆಂಬ ನಿವೃತ್ತ ಬಸ್ ಡಿಪೊ ಮೆಕ್ಯಾನಿಕ್ ಬಾಳುತ್ತಿದ್ದನು. ಅವನ ಕೀರ್ತಿಯನ್ನು ಹಾಡಲು ನನ್ನ ನಾಲಿಗೆಗೆ ಬಲ ಕೊಡು, ತಾಯಿ ಸರಸ್ವತಿ. ಅವನ ಹೆಂಡತಿಗೆ ಅದು ಕೇಳಿಸದಂತೆಯೂ ನೋಡಿಕೋ.

ಆ ಹೆಂಡತಿ, ದಾಕ್ಷಾಯಣಿ, ಒಂದು ಗುರುವಾರ ಹಿಂದಿನ ಕೋಣೆಯಿಂದ ಅಕ್ಕಿ ತರಲು ಹೋಗಿ ಗ್ರಾಮೊಫೋನನ್ನು ಎಡವಿ ಕಾಲ್ಬೆರಳು ಜಜ್ಜಿಕೊಂಡಳು. ಹೊರಬಂದವಳೇ ಘೋರಪ್ರತಿಜ್ಞೆ ಮಾಡಿದಳು.

"ರೀ, ಇದೇನು ಮನೆಯೋ ಗುಜರಿ ಅಂಗಡಿಯೋ? ಭಾನುವಾರದೊಳಗೆ ಇದ್ರಲ್ಲಿ ಒಂದೇ ಒಂದನ್ನ ಒಳ್ಳೆ ಬೆಲೆಗೆ ಮಾರಿ ತೋರ್ಸಿ. ಆಮೇಲೆ ನೀವು ಏನ್ ತಂದು ತುಂಬ್ಕೊಂಡ್ರೂ ನಾನು ಕೇಳಲ್ಲ. ಇಲ್ಲಾಂದ್ರೆ ಸೋಮವಾರ ಎಲ್ಲಾನೂ ತೂಕಕ್ಕೆ ಹಾಕ್ಬಿಡ್ತೀನಿ."

ಭೂಮಿ ನಡುಗಲಿಲ್ಲ, ಗುರುಮಲ್ಲಪ್ಪ ನಡುಗಿದನು. ಆ ಕೋಣೆಯೊಂದನ್ನು ಬಿಟ್ಟರೆ ಅವನಿಗೆ ನಿವೃತ್ತಿಯಲ್ಲಿ ಬೇರೆ ಸುಖವೇ ಇರಲಿಲ್ಲ. ಆಗ ಅವನು ತನ್ನ ಭಂಡಾರದ ಪರಮರತ್ನವನ್ನು ಹೊರತೆಗೆದನು. ಅದು ಯಾವುದೋ ಜಮೀನ್ದಾರರ ಮನೆಯವರ ತಾಂಬೂಲರಸವನ್ನು ತಲೆಮಾರುಗಳ ಕಾಲ ಧರಿಸಿ ಕಾರ್ಮೋಡದ ಬಣ್ಣಕ್ಕೆ ತಿರುಗಿದ್ದ, ಅಗಲ ಬಾಯಿಯ, ಸಪೂರ ನಡುವಿನ ಹಿತ್ತಾಳೆಯ ಪೀಕದಾನಿ.

ರತ್ನವೇನೋ ಸಿದ್ಧವಾಯಿತು. ಆದರೆ ಎಲ್ಲಿ ಮಾರುವುದು? ಇಲ್ಲಿಂದ ಯುದ್ಧಪರ್ವ.

ದಾಕ್ಷಾಯಣಿಯ ತಮ್ಮ, ಅಂಗುಷ್ಠಮಾತ್ರಪರಾಕ್ರಮಿ, ಮೊಬೈಲಾಯುಧಪಾಣಿ ಷಡಕ್ಷರಿಯು ಕಾಫಿಯ ಲೋಟ ಕೆಳಗಿಟ್ಟು ಗರ್ಜಿಸಿದನು: "ಎಲೈ ಭಾವನೇ! ಈ ಕರತಲಪ್ರಮಾಣದ ಫಲಕದಲ್ಲಿ ಅಖಿಲ ಭೂಮಂಡಲದ ಗ್ರಾಹಕಕೋಟಿಯು ಬೆರಳು ಮಡಚಿ ಕಾದು ಕುಳಿತಿರಲು, ನೀನು ಬಿಸಿಲಲ್ಲಿ ಅಂಗಡಿ ಅಂಗಡಿ ಅಲೆಯುವುದು ಯಾವ ಶೌರ್ಯ?" ಅವನು ನಿಜಕ್ಕೂ ಆಡಿದ ಮಾತು ಇಷ್ಟೇ: "ಭಾವ, ಸುಮ್ನೆ ಫೋಟೋ ತೆಗ್ದು ಹಾಕಿ. ಯಾರಾದ್ರೂ ತಗೋತಾರೆ."

ಅದಕ್ಕೆ ಗುರುಮಲ್ಲಪ್ಪನು ಮೀಸೆ ನೇವರಿಸಿ, "ಅರಮನೆಯ ಬಳಿ ಪುರಾತನವಸ್ತುಗಳ ಮಹಾವಿಪಣಿಯೊಂದುಂಟು. ಅಲ್ಲಿನ ಪಂಡಿತವಣಿಜನು ಕಂಡೊಡನೆ ಎದ್ದು ನಿಲ್ಲದಿದ್ದರೆ ನಾನು ಗುರುಮಲ್ಲಪ್ಪನೇ ಅಲ್ಲ!" ಎಂದನು. ಅಂದರೆ, "ಲೋ, ಫೋನಲ್ಲಿ ನೋಡೋರಿಗೆ ಏನ್ ಗೊತ್ತಾಗುತ್ತೋ ಇದ್ರ ಬೆಲೆ?" ಎಂದನು.

ಶುಕ್ರವಾರವಿಡೀ ವಾಗ್ಬಾಣಗಳು ಹಾರಿದವು. ಶನಿವಾರ ಉಪ್ಪಿಟ್ಟಿನ ವಿರಾಮದ ಬಳಿಕ ಸಂಧಿಯಾಯಿತು: ಮೊದಲು ಅರಮನೆಯ ಬಳಿಯ ಅಂಗಡಿ, ಅಲ್ಲಿ ಸೋತರೆ ಫೋನು.

ಭಾನುವಾರ ಬೆಳಗ್ಗೆ ಗುರುಮಲ್ಲಪ್ಪನು ಮಡಿಸಿದ ಪಂಚೆಯುಟ್ಟು ಹಿತ್ತಿಲಿಗೆ ಬಂದು ನೋಡುತ್ತಾನೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಏನೋ ಥಳಥಳ ಹೊಳೆಯುತ್ತಿದೆ! ದಾಕ್ಷಾಯಣಿ ಹುಣಸೆಹಣ್ಣು, ಉಪ್ಪು ಹಾಕಿ ಪೀಕದಾನಿಯನ್ನು ಉಜ್ಜಿ ಉಜ್ಜಿ ನಿನ್ನೆ ಮೊನ್ನೆ ಎರಕ ಹೊಯ್ದಂತೆ ಮಾಡಿಟ್ಟಿದ್ದಳು.

"ಅಯ್ಯೋ! ಏನೇ ಮಾಡ್ದೆ?"

"ಮತ್ತೆ? ಯಾರೋ ಉಗುಳಿದ್ದನ್ನ ಹಾಗೇ ತಗೊಂಡ್ಹೋಗಿ ಕೊಡ್ತೀರಾ? ನಮ್ಮನೇಲಿ ಹೆಂಗಸ್ರೇ ಇಲ್ವಾ ಅನ್ಕೊಳ್ಳಲ್ವಾ ಅವ್ರು?"

ಮುಂದಿನ ಸಂಹಾರವನ್ನು ವರ್ಣಿಸಲು ನನಗೆ ಮನಸ್ಸಿಲ್ಲ. ಪಂಡಿತವಣಿಜನು ಎದ್ದು ನಿಲ್ಲಲಿಲ್ಲ. "ಹೊಸ ಮಾಲು ನಾವು ತಗೊಳ್ಳಲ್ಲ ಸ್ವಾಮಿ. ಹಳೇದಾದ್ರೆ ಕಪ್ಪು ಹಿಡಿದಿರ್ಬೇಕು, ಆ ಕಪ್ಪಿಗೇ ಬೆಲೆ," ಎಂದು ಪೇಪರು ತಿರುಗಿಸಿದನು. ಷಡಕ್ಷರಿಯ ಫಲಕದಲ್ಲಿ ಬಂದ ಏಕೈಕ ಗ್ರಾಹಕನು, "ಇಂಥವು ಎಷ್ಟು ಪೀಸ್ ಸಪ್ಲೈ ಮಾಡ್ತೀರಾ?" ಎಂದು ಕೇಳಿ ಮಾಯವಾದನು. ವೀರನು ಮನೆಗೆ ಮರಳಿ, ಪೀಕದಾನಿಯನ್ನು ಜಗಲಿಯ ಮೇಲಿಟ್ಟು ಅದರ ಪಕ್ಕದಲ್ಲಿ ತಾನೂ ಕುಳಿತನು. ನಾಳೆ ತಕ್ಕಡಿ ಬರುವುದೆಂದು ನೆನೆದು ಅವನಿಗೆ ಅಳು ಬಂತು.

ದಾಕ್ಷಾಯಣಿ ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಎದುರುಮನೆಯ ವೇದವಲ್ಲಮ್ಮನವರು ಗೇಟು ದಾಟಿ ಬರುವುದಕ್ಕೂ ಸರಿಹೋಯಿತು. "ಎಷ್ಟು ಲಕ್ಷಣವಾಗಿದೆ ರೀ ದಾಕ್ಷಾಯಣಿ, ಈ ಪಾತ್ರೆ! ಕೊಡೋದಾದ್ರೆ ನಂಗೇ ಕೊಡಿ." ಕೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ತೆತ್ತರು. ಗುರುಮಲ್ಲಪ್ಪನು ಅದರ ವಂಶಾವಳಿಯನ್ನು ಸಾರಲೆಂದು ಬಾಯಿ ತೆರೆದನು. ದಾಕ್ಷಾಯಣಿ ಅವನ ಕಾಲು ತುಳಿದಳು. "ಹೂವು ಇಡಕ್ಕೆ ಚೆನ್ನಾಗಿರುತ್ತೆ ರೀ," ಎಂದು ತಾನೇ ಎತ್ತಿ ಕೊಟ್ಟಳು.

ಹೀಗೆ ಅರಮನೆಯ ಬಳಿಯೂ ಅಲ್ಲದೆ, ಭೂಮಂಡಲದಲ್ಲಿಯೂ ಅಲ್ಲದೆ, ಸ್ವಂತ ಜಗಲಿಯಲ್ಲಿಯೇ ವಿಜಯಲಕ್ಷ್ಮಿ ಒಲಿದಳು. ಕೋಣೆ ಉಳಿಯಿತು. ಆದರೆ ತಾನು ಮಾರಿದ್ದೇನೆಂದು ಆ ಬೀದಿಯಲ್ಲಿ ಯಾರೊಡನೆಯೂ ಹೇಳಿಕೊಳ್ಳಲಾಗದ ವೀರನನ್ನು ಯಾವ ಯುಗ ಕಂಡಿದೆ?

ವಾರದೊಳಗೆ ರಾಮನವಮಿ ಬಂತು. ವೇದವಲ್ಲಮ್ಮನವರ ಪಡಸಾಲೆಯಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಪಾನಕದ ಕೊಳಗದ ಪಕ್ಕದಲ್ಲಿ, ಅಗಲ ಬಾಯಿಯ ತುಂಬ ಕೋಸಂಬರಿ ಹೊತ್ತು, ಆ ಹಿತ್ತಾಳೆ ಥಳಥಳಿಸುತ್ತಿತ್ತು.

"ಬನ್ನಿ ಗುರುಮಲ್ಲಪ್ಪನೋರೇ, ಮೊದಲು ನಿಮಗೇ. ಪಾತ್ರೆ ನಿಮ್ಮನೇದಲ್ವೇ?"

ಗುರುಮಲ್ಲಪ್ಪನು ಹೆಂಡತಿಯ ಕಡೆ ನೋಡಿದನು. ಬೆಳಗ್ಗೆ ಹೊಟ್ಟೆ ತುಂಬ ಇಡ್ಲಿ ತಿಂದಿದ್ದ ದಾಕ್ಷಾಯಣಿ ಭಕ್ತಿಯಿಂದ ಕೈಮುಗಿದು ಹೇಳಿದಳು:

"ನಂಗೆ ಇವತ್ತು ಉಪವಾಸ ಕಣ್ರೀ. ನನ್ನ ಪಾಲೂ ಇವರಿಗೇ ಹಾಕ್ಬಿಡಿ."